ವಿಮಾನಕ್ಕೆ ಟ್ರಾನ್ಸ್‌ಪಾಂಡರ್ ಆಂಟೆನಾ ಎಲ್ಲಿ ಕೂರಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯವನು. ಬೆಂಗಳೂರು ಕಡೆ ಹ್ಯಾಂಗರ್‌ಗಳಲ್ಲಿ ಸಣ್ಣ ವಿಮಾನಗಳ ರೇಡಿಯೋ ಕೆಲಸ ಮಾಡಿಕೊಂಡಿದ್ದೆ, ಈಗ ಊರಲ್ಲಿದ್ದೇನೆ. ಇಲ್ಲಿನ ಎಂಜಿನಿಯರಿಂಗ್ ಕಾಲೇಜು ಹುಡುಗರು, ಎಎಂಇ (ವಿಮಾನ ನಿರ್ವಹಣೆಯ ಎಂಜಿನಿಯರಿಂಗ್) ಓದುತ್ತಿರುವವರು, ಒಮ್ಮೊಮ್ಮೆ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಕೂಡ ಇದೇ ವಿಷಯ ಕೇಳುತ್ತಾರೆ. 2023ರ ಏಪ್ರಿಲ್‌ನಲ್ಲಿ ಚಳ್ಳಕೆರೆ ಹತ್ತಿರ ಇಸ್ರೋದ ರೆಕ್ಕೆಯ ವಾಹನ ತಾನೇ ರನ್‌ವೇ ಹುಡುಕಿಕೊಂಡು ಇಳಿದ ಮೇಲಂತೂ ನಮ್ಮ ಕಡೆ ವಿಮಾನದ ಮಾತು ಜಾಸ್ತಿಯಾಗಿದೆ. ಕೇಳಿದವರ ಮಾತನ್ನು ಹಾಗೇ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲಿಗೆ ತಿಳಿಯಬೇಕಾದ್ದು

“ಟ್ರಾನ್ಸ್‌ಪಾಂಡರ್ ಅಂದ್ರೆ ಏನು ಸರ್? ಪೈಲಟ್ ಮಾತಾಡೋ ರೇಡಿಯೋನೇ ತಾನೇ?”

ಅಲ್ಲ, ಅದು ಬೇರೆ, ಇದು ಬೇರೆ. ನೆಲದ ಮೇಲಿನ ರಾಡಾರ್ 1030 ಮೆಗಾಹರ್ಟ್ಸ್‌ನಲ್ಲಿ “ಯಾರು ನೀನು, ಎಷ್ಟು ಎತ್ತರದಲ್ಲಿದ್ದೀಯ” ಅಂತ ಕೇಳುತ್ತದೆ. ವಿಮಾನದೊಳಗಿನ ಈ ಪೆಟ್ಟಿಗೆ 1090 ಮೆಗಾಹರ್ಟ್ಸ್‌ನಲ್ಲಿ ತಾನಾಗಿಯೇ ಉತ್ತರ ಕೊಡುತ್ತದೆ. ಪೈಲಟ್ ಬಾಯಿ ಬಿಡಬೇಕಾಗಿಲ್ಲ. ಅವರು ಹಾಕಿದ ನಾಲ್ಕು ಅಂಕಿಯ ಕೋಡ್, ವಿಮಾನದ ಎತ್ತರ, ಮೋಡ್ ಎಸ್ ಅನ್ನುವ ಹೊಸ ಬಗೆಯ ಪೆಟ್ಟಿಗೆ ಆಗಿದ್ದರೆ ಆ ವಿಮಾನಕ್ಕೇ ಮೀಸಲಾದ 24 ಬಿಟ್‌ನ ವಿಳಾಸ, ಇಷ್ಟೂ ಆ ಉತ್ತರಗಳಲ್ಲಿ ಹೋಗುತ್ತದೆ. 7700 ಹಾಕಿದರೆ ತುರ್ತು ಪರಿಸ್ಥಿತಿ, 7600 ಹಾಕಿದರೆ ರೇಡಿಯೋ ಕೆಟ್ಟಿದೆ ಅಂತ ಅರ್ಥ. ಮೊಬೈಲ್ ಆಪ್‌ನಲ್ಲಿ ಪುಟ್ಟ ವಿಮಾನದ ಚಿತ್ರ ಸರಿಯುತ್ತಾ ಹೋಗುತ್ತದಲ್ಲ, ಅದೂ ಹೆಚ್ಚಾಗಿ ಇದೇ 1090 ಮೆಗಾಹರ್ಟ್ಸ್‌ನಿಂದ ಬಂದ ಮಾಹಿತಿ.

“ಆಂಟೆನಾ ನೋಡೋಕೆ ಹೇಗಿರುತ್ತೆ? ಮನೆ ಮೇಲಿನ ಡಿಶ್ ತರಾನಾ?”

ತುಂಬಾ ಚಿಕ್ಕದು. 1090 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 27.5 ಸೆಂಟಿಮೀಟರ್. ಆಂಟೆನಾ ಅದರ ಕಾಲು ಭಾಗ, ಅಂದರೆ 7 ಸೆಂಟಿಮೀಟರಿಗೆ ಕೊಂಚ ಕಡಿಮೆ. ನಾಲ್ಕು ಬೆರಳು ಜೋಡಿಸಿ ಹಿಡಿದರೆ ಎಷ್ಟಗಲವೋ ಅಷ್ಟು. ಎರಡು ಬಗೆ ಇವೆ. ಒಂದು ತುದಿಯಲ್ಲಿ ಪುಟ್ಟ ಗುಂಡು ಇರುವ ಸಣ್ಣ ಕಡ್ಡಿ. ಇನ್ನೊಂದು ಮೀನಿನ ರೆಕ್ಕೆಯಂಥ ಬ್ಲೇಡ್. ಕಡ್ಡಿ ಅಗ್ಗ, ಆದರೆ ಹೊಟ್ಟೆ ಒರೆಸುವಾಗ ಬಟ್ಟೆ ಸಿಕ್ಕಿಕೊಂಡು ಬಗ್ಗಿಬಿಡುತ್ತದೆ. ದುಡ್ಡು ಇದ್ದರೆ ಬ್ಲೇಡ್ ತಗೊಳ್ಳಿ ಅಂತಲೇ ನಾನು ಹೇಳುವುದು.

“ಎಲ್ಲ ಸಣ್ಣ ವಿಮಾನಕ್ಕೂ ಹೊಟ್ಟೆ ಕೆಳಗೇ ಯಾಕೆ ಹಾಕ್ತಾರೆ?”

ಕೇಳುವವನು ಕೆಳಗಿದ್ದಾನೆ, ಅದಕ್ಕೆ. ಈ ಅಲೆಗಳು ನೇರ ಹೋಗುತ್ತವೆ, ಅಡ್ಡ ಏನಾದರೂ ಬಂದರೆ ಸುತ್ತಿ ಬಳಸಿ ಹೋಗುವುದು ತೀರಾ ಕಡಿಮೆ. ಚಿತ್ರದುರ್ಗದ ಕೋಟೆಯಲ್ಲಿ ಬಂಡೆಗಳ ಸಂದಿಯಲ್ಲಿ ನಡೆಯುವಾಗ ಫೋನ್ ಸಿಗ್ನಲ್ ಬಿದ್ದುಹೋಗಿ, ಬಂಡೆ ದಾಟಿದ ಕೂಡಲೇ ವಾಪಸ್ ಬರುವುದನ್ನು ನೋಡಿರುತ್ತೀರಿ. ವಿಮಾನದ ಮೈ ಕೂಡ ಆ ಬಂಡೆಯ ಹಾಗೆ. ಆಂಟೆನಾ ಬೆನ್ನ ಮೇಲಿದ್ದರೆ ರಾಡಾರಿಗೂ ಅದಕ್ಕೂ ನಡುವೆ ಇಡೀ ವಿಮಾನವೇ ಅಡ್ಡ ಬರುತ್ತದೆ.

5,000 ಅಡಿ ಎತ್ತರದಲ್ಲಿ ಹಾರುವಾಗ ನೆಲ ಮಟ್ಟದ ರಾಡಾರ್‌ಗೆ ನೇರ ದಾರಿ ಸಿಗುವುದು ಸುಮಾರು 160 ಕಿಲೋಮೀಟರ್ ತನಕ. ಅಷ್ಟು ದೂರದಿಂದ ನೋಡಿದರೆ ರಾಡಾರ್ ನಿಮ್ಮ ಕಾಲ ಕೆಳಗಿರುವುದಿಲ್ಲ, ಹೆಚ್ಚುಕಡಿಮೆ ದಿಗಂತದಲ್ಲಿ ಇರುತ್ತದೆ. ಹಾಗಾಗಿ ಆಂಟೆನಾಗೆ ಕೆಳಗಡೆ ಬಯಲು ಇದ್ದರೆ ಸಾಲದು, ಸುತ್ತ ನಾಲ್ಕೂ ದಿಕ್ಕಿಗೆ ಬಯಲು ಬೇಕು.

“ಅಷ್ಟು ಚಿಕ್ಕ ಕಡ್ಡಿ, ಎಲ್ಲಿದ್ದರೇನು ಬಿಡಣ್ಣ?”

ಈ ಮಾತು ಕೇಳಿದಾಗಲೆಲ್ಲ ನನಗೆ ಒಂದು ಎರಡು ಸೀಟಿನ ವಿಮಾನ ನೆನಪಾಗುತ್ತದೆ. ಅದು ರಾಡಾರ್ ಕಡೆ ಮೂತಿ ಮಾಡಿ ಬರುವಾಗ ಮಾತ್ರ ಪರದೆಯಿಂದ ಮಾಯವಾಗುತ್ತಿತ್ತು. ಪಕ್ಕಕ್ಕೆ ತಿರುಗಿದರೆ ಮತ್ತೆ ಹಾಜರ್. ಪೆಟ್ಟಿಗೆ ಬದಲಾಯಿಸಿದೆವು, ಕೇಬಲ್ ಬದಲಾಯಿಸಿದೆವು, ಮೂರು ದಿನ ಹೋಯಿತು. ಕೊನೆಗೆ ರಟ್ಟು ಹಾಸಿಕೊಂಡು ಅದರ ಹೊಟ್ಟೆ ಕೆಳಗೆ ಮಲಗಿ ಟಾರ್ಚ್ ಬಿಟ್ಟೆ. ಆಂಟೆನಾ ಇದ್ದದ್ದು ಮುಂದಿನ ಚಕ್ರದ ಕಾಲಿನ ಬೆನ್ನಿಗೆ, ಸರಿಯಾಗಿ ಒಂದು ಗೇಣು ಹಿಂದೆ. ಮುಂದಿನಿಂದ ರಾಡಾರ್ ಕೇಳಿದ್ದಕ್ಕೂ, ಇದು ಹೇಳಿದ್ದಕ್ಕೂ ಆ ಉಕ್ಕಿನ ಕಾಲು ಅಡ್ಡ. ಯಾರೋ ಅಲ್ಲಿ ಡ್ರಿಲ್ ಹಿಡಿಯಲು ಕೈ ಆರಾಮಾಗಿ ಹೋಗುತ್ತದೆ ಅಂತ ತೂತು ಹಾಕಿದ್ದರು. ಒಂದು ಮೀಟರ್ ಹಿಂದಕ್ಕೆ ಸರಿಸಿದೆವು, ಕೂಡಲೇ ಸರಿಹೋಯಿತು.

ನೆಲದಲ್ಲಿ ಕೂತ ಕಂಟ್ರೋಲರ್‌ಗೆ, ಎದುರಿಗೆ ಬರುವ ದೊಡ್ಡ ವಿಮಾನದ ಡಿಕ್ಕಿ ತಪ್ಪಿಸುವ ಟಿಕಾಸ್ ಯಂತ್ರಕ್ಕೆ, ನೀವು ಎಷ್ಟು ಎತ್ತರದಲ್ಲಿದ್ದೀರಿ ಅಂತ ತಿಳಿಯುವುದು ಈ ನಾಲ್ಕು ಬೆರಳಿನ ಕಡ್ಡಿಯಿಂದ. ಜಾಗ ತಪ್ಪಿದರೆ ಎಷ್ಟೇ ಬೆಲೆಯ ಪೆಟ್ಟಿಗೆ ಇದ್ದರೂ ಅದು ಅರ್ಧ ಮೂಗ.

## ಜಾಗ ಹುಡುಕುವಾಗ

“ಗ್ರೌಂಡ್ ಪ್ಲೇನ್ ಅಂತಾರಲ್ಲ, ಅದು ಏನು? ಪುಸ್ತಕದಲ್ಲಿ ಓದಿದೆ, ತಲೆಗೆ ಹೋಗ್ಲಿಲ್ಲ.”

ಗಾಳಿ ಇಲ್ಲದ ಬೆಳಗ್ಗೆ ಸೂಳೆಕೆರೆ ದಂಡೆಗೆ ಹೋಗಿ. ನೀರಲ್ಲಿ ನೆಟ್ಟ ಒಂದು ಗೂಟ ನೋಡಿ. ಮೇಲೆ ಒಂದು ಮೊಳ ಕಾಣುತ್ತದೆ, ಕೆಳಗೆ ಅದರ ಪ್ರತಿಬಿಂಬ ಇನ್ನೊಂದು ಮೊಳ. ಎರಡೂ ಸೇರಿ ಎರಡು ಮೊಳದ ಒಂದೇ ಗೂಟದ ಹಾಗೆ ಕಾಣುತ್ತದೆ, ಅಲ್ವಾ? ಟ್ರಾನ್ಸ್‌ಪಾಂಡರ್ ಆಂಟೆನಾ ಅರ್ಧ ಆಂಟೆನಾ. ಇನ್ನರ್ಧವನ್ನು ಅದು ಕೂತಿರುವ ಲೋಹದ ತಗಡು ಕನ್ನಡಿಯ ಹಾಗೆ ತೋರಿಸುತ್ತದೆ. ಆ ತಗಡೇ ಗ್ರೌಂಡ್ ಪ್ಲೇನ್. ಅಲ್ಯೂಮಿನಿಯಂ ಮೈಯ ವಿಮಾನದಲ್ಲಿ ಹೊಟ್ಟೆಯ ತಗಡೇ ಆ ಕೆಲಸ ಮಾಡುತ್ತದೆ.

ಈಗ ಕೆರೆ ಬದಲು ರಸ್ತೆ ಗುಂಡಿಯಲ್ಲಿ ನಿಂತ ಮಳೆನೀರಿನಲ್ಲಿ ಅದೇ ಗೂಟ ಇದೆ ಅಂದುಕೊಳ್ಳಿ. ಹತ್ತಿರ ನಿಂತು ಬಗ್ಗಿ ನೋಡಿದರೆ ಪ್ರತಿಬಿಂಬ ಕಾಣುತ್ತದೆ. ದೂರ ಹೋಗಿ ಕೂತು ನೋಡಿದರೆ ಕಾಣುವುದಿಲ್ಲ, ನೀರು ಅಷ್ಟು ದೂರಕ್ಕೆ ಹರಡಿಲ್ಲ. ಚಿಕ್ಕ ಗ್ರೌಂಡ್ ಪ್ಲೇನ್‌ಗೂ ಆಗುವುದು ಇದೇ. ಹತ್ತಿರದಲ್ಲಿ ಓರೆಯಾಗಿ ಕೆಳಗಿರುವವರಿಗೆ ಹೇಗೋ ಕೇಳಿಸುತ್ತದೆ, ದಿಗಂತದ ಕಡೆ ಬಲ ಕುಗ್ಗುತ್ತದೆ. ನಮಗೆ ಬೇಕಾದ ರಾಡಾರ್ ಇರುವುದೇ ಆ ದಿಗಂತದ ಕಡೆ.

ಲೆಕ್ಕಕ್ಕೆ ಬಂದರೆ, ಆಂಟೆನಾ ಬುಡದಿಂದ ಎಲ್ಲ ದಿಕ್ಕಿಗೂ ಕನಿಷ್ಠ ಅದರ ಎತ್ತರದಷ್ಟು, ಅಂದರೆ 7 ಸೆಂಟಿಮೀಟರ್ ಲೋಹ ಬೇಕೇ ಬೇಕು. ಅದು ಕನಿಷ್ಠ ಅಷ್ಟೇ. ನಾನು ಕೈಯಾರೆ ಮಾಡುವಾಗ 30 ಸೆಂಟಿಮೀಟರ್ ಚೌಕಕ್ಕಿಂತ ಕಡಿಮೆ ಇಟ್ಟಿಲ್ಲ. ತಗಡು ಸಮತಟ್ಟಾಗಿರಬೇಕು, ಆಂಟೆನಾ ನಡುವೆ ಇರಬೇಕು. ಅಂಚಿಗೆ ಇಟ್ಟರೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಆಗುತ್ತದೆ. ವಿಮಾನ ಮಟ್ಟವಾಗಿ ಹಾರುವಾಗ ಕಡ್ಡಿ ಲಂಬವಾಗಿ ನೇತಾಡುವಂತೆ ಇರಬೇಕು, ಹೊಟ್ಟೆ ಇಳಿಜಾರಾಗಿ ಬಾಲದ ಕಡೆ ಏರುವ ಜಾಗ ಬೇಡ.

“ನಮ್ಮದು ಫೈಬರ್ ಮೈ. ಲೋಹವೇ ಇಲ್ಲ. ಏನ್ ಮಾಡೋದು?”

ಮೊದಲು ಯಾವ ಫೈಬರ್ ಅಂತ ನೋಡಿ. ಗ್ಲಾಸ್ ಫೈಬರ್ ಆದರೆ ಅಲೆ ಅದನ್ನು ದಾಟಿ ಹೋಗುತ್ತದೆ, ಆಂಟೆನಾವನ್ನು ಒಳಗಡೆಯೇ ಇಡುವುದಕ್ಕೂ ಬರುತ್ತದೆ. ಕಾರ್ಬನ್ ಫೈಬರ್ ಆದರೆ ಅದು ಅಲೆಯನ್ನು ತಡೆಯುತ್ತದೆ, ಆಂಟೆನಾ ಹೊರಗೇ ಬರಬೇಕು. ತಮಾಷೆ ಏನಂದರೆ ಕಾರ್ಬನ್ ಅಲೆ ತಡೆಯುತ್ತದೆಯೇ ಹೊರತು ನೆಚ್ಚಿಕೊಳ್ಳುವಷ್ಟು ಒಳ್ಳೆ ಗ್ರೌಂಡ್ ಪ್ಲೇನ್ ಆಗುವುದಿಲ್ಲ.

ಎರಡಕ್ಕೂ ಮೈಯ ಒಳಬದಿಗೆ ತೆಳ್ಳನೆ ಅಲ್ಯೂಮಿನಿಯಂ ತಗಡು, ತಾಮ್ರದ ಜಾಲರಿ ಅಥವಾ ತಾಮ್ರದ ಹಾಳೆ ಅಂಟಿಸಿ, ಆಂಟೆನಾ ಬುಡ ಅದಕ್ಕೆ ಗಟ್ಟಿಯಾಗಿ ತಾಗುವಂತೆ ಮಾಡಬೇಕು. ಬಟ್ಟೆ ಹೊದಿಸಿದ ಹಳೇ ವಿಮಾನಗಳಲ್ಲೂ ಹೀಗೇ, ಕೊಳವೆಗಳ ನಡುವೆ ತಗಡು ಕಟ್ಟುತ್ತಾರೆ. “ಪಿ.ಬಿ. ರಸ್ತೆ ಅಂಗಡಿ ತಗಡು ನಡೆಯುತ್ತಾ” ಅಂತ ಒಬ್ಬ ಹುಡುಗ ಕೇಳಿದ. ಕರೆಂಟಿನ ಲೆಕ್ಕದಲ್ಲಿ ನಡೆಯುತ್ತದೆ. ಆದರೆ ಸರ್ಟಿಫಿಕೇಟ್ ಇರುವ ವಿಮಾನಕ್ಕೆ ಎಲ್ಲಿಂದ ಬಂತು ಅಂತ ಕಾಗದ ಇರುವ ತಗಡೇ ಆಗಬೇಕು.

“ಬೇರೆ ಆಂಟೆನಾಗಳಿಂದ ಎಷ್ಟು ದೂರ ಇಡಬೇಕು?”

ನಿಮ್ಮ ಪೆಟ್ಟಿಗೆಯ ಕೈಪಿಡಿಯಲ್ಲಿ ಬರೆದದ್ದೇ ಕೊನೆಯ ಮಾತು. ಸಾಮಾನ್ಯವಾಗಿ ಮಾತಿನ ರೇಡಿಯೋ ಆಂಟೆನಾದಿಂದ, ದಿಕ್ಕು ತೋರಿಸುವ ಎಡಿಎಫ್ ಯಂತ್ರದ ಸೆನ್ಸ್ ಆಂಟೆನಾದಿಂದ 3 ಅಡಿ, ದೂರ ಅಳೆಯುವ ಡಿಎಂಇ ಯಂತ್ರದ ಆಂಟೆನಾದಿಂದ 6 ಅಡಿ ಅಂತ ಇರುತ್ತದೆ. ಡಿಎಂಇಗೆ ಯಾಕೆ ಜಾಸ್ತಿ ಅಂದರೆ ಅದೂ ಇದೇ ಓಣಿಯ ಮನೆ, ಸುಮಾರು 960ರಿಂದ 1215 ಮೆಗಾಹರ್ಟ್ಸ್ ಒಳಗೇ ಕೆಲಸ ಮಾಡುತ್ತದೆ. ಒಂದು ಕೂಗಿದರೆ ಇನ್ನೊಂದರ ಕಿವಿ ತುಂಬಿಹೋಗುತ್ತದೆ. ಅದಕ್ಕೇ ಎರಡರ ನಡುವೆ ಸಪ್ರೆಷನ್ ತಂತಿ ಬೇರೆ ಎಳೆಯುತ್ತಾರೆ, ಒಂದು ಕೂಗುವಾಗ ಇನ್ನೊಂದು ಕಿವಿ ಮುಚ್ಚಿಕೊಳ್ಳಲಿ ಅಂತ. ಎರಡಕ್ಕೂ ಒಂದೇ ಜಾತಿಯ ಆಂಟೆನಾ ಬರುವುದರಿಂದ ನೋಡಲು ಅವಳಿ ಮಕ್ಕಳ ಹಾಗಿರುತ್ತವೆ. ಕೇಬಲ್‌ಗೆ ಚೀಟಿ ಕಟ್ಟದೆ ಬಿಚ್ಚಬೇಡಿ.

“ಸೈಲೆನ್ಸರ್ ಹಿಂದೆ ಒಳ್ಳೆ ಸಮತಟ್ಟು ಜಾಗ ಇದೆ, ಅಲ್ಲಿ ಹಾಕ್ಲಾ?”

ಬೇಡ. ದಾವಣಗೆರೆ ಮಂಡಕ್ಕಿ ಭಟ್ಟಿಯ ಗೋಡೆ ನೋಡಿದ್ದೀರಲ್ವಾ, ಒಂದೊಂದು ಪದರ ಮಸಿ ಹೇಗೆ ಹತ್ತಿಕೊಂಡು ಕೂತಿರುತ್ತದೆ ಅಂತ. ಎಕ್ಸಾಸ್ಟ್ ಹಿಂದೆ ವಿಮಾನದ ಹೊಟ್ಟೆಗೂ ಹಾಗೇ ಮಸಿ ಮತ್ತು ಎಂಜಿನ್ ಎಣ್ಣೆ ಹತ್ತುತ್ತದೆ. ಆಂಟೆನಾ ಬುಡದಲ್ಲಿ ಅದು ಅಂಟಾಗಿ ಕೂತರೆ ಸಿಗ್ನಲ್ ಸೋರಿಹೋಗುತ್ತದೆ, ಒಳಗೆ ಇಳಿದರೆ ತುಕ್ಕು ಶುರುವಾಗುತ್ತದೆ. ಎಕ್ಸಾಸ್ಟ್ ಇರುವ ಕಡೆ ಬಿಟ್ಟು ಇನ್ನೊಂದು ಬದಿಗೆ ಸರಿಸಿ. ಪೆಟ್ರೋಲ್ ಡ್ರೇನ್, ಬ್ಯಾಟರಿಯ ಗಾಳಿ ಕೊಳವೆ ಇವುಗಳ ಬಾಯಿ ಹಿಂದೆಯೂ ಬೇಡ. ಚಕ್ರದ ಕಾಲು, ಹತ್ತುವ ಮೆಟ್ಟಿಲು ಪಕ್ಕದಲ್ಲಿ ಬೇಡವೇ ಬೇಡ. ಮಡಚುವ ಚಕ್ರ ಆದರೆ ಚಕ್ರ ಇಳಿಸಿದಾಗ ಎಲ್ಲಿ ಬರುತ್ತದೆ ಅಂತ ನೋಡಿ ಜಾಗ ಗುರುತು ಹಾಕಿ. ಇಳಿಯುವ ಹೊತ್ತಿನಲ್ಲೇ ಕಂಟ್ರೋಲರ್‌ಗೆ ನೀವು ಕಾಣಬೇಕಾದ್ದು.

“ಸೀಟಿನ ಕೆಳಗೇ ಬರುತ್ತಲ್ಲ, ಮೈಗೆ ಏನೂ ಆಗಲ್ವಾ?”

ಲೋಹದ ಮೈ ಆದರೆ ಚಿಂತೆ ಬೇಡ, ನಡುವೆ ತಗಡು ಇದೆ. ಪೆಟ್ಟಿಗೆ ಬಿಡುವ ಶಕ್ತಿ 125 ಅಥವಾ 250 ವ್ಯಾಟ್ ಅಂತ ಕೇಳಿ ಹೆದರುತ್ತಾರೆ. ಅದು ಒಂದು ಮೈಕ್ರೋಸೆಕೆಂಡಿಗಿಂತ ಕಡಿಮೆ ಹೊತ್ತಿನ ಮಿಡಿತಗಳಲ್ಲಿ ಹೋಗುವುದರಿಂದ ಸರಾಸರಿ ತುಂಬಾ ಸಣ್ಣದು. ಆದರೆ ಗ್ಲಾಸ್ ಫೈಬರ್ ಗ್ಲೈಡರ್‌ನಲ್ಲಿ ಆಂಟೆನಾ ಪೈಲಟ್‌ನ ತೊಡೆ ಹತ್ತಿರ ಬರುವ ಹಾಗೆ ಒಳಗೆ ಇಡುವುದು ತಪ್ಪು. ನಡುವೆ ದೂರವೂ ಬೇಕು, ಗ್ರೌಂಡ್ ಪ್ಲೇನ್ ತಗಡೂ ಅಡ್ಡ ಇರಬೇಕು.

“ಹಳೇ ಆಂಟೆನಾ ತೂತು ಇದೆ. ಅದರಲ್ಲೇ ಹೊಸದು ಕೂರಿಸಿದರೆ ಕೆಲಸ ಉಳಿಯುತ್ತಲ್ವಾ?”

ಜಾಗ ಒಳ್ಳೆಯದಿದ್ದು, ಬೋಲ್ಟ್ ತೂತುಗಳೂ ಹೊಂದಿದರೆ ಖಂಡಿತ ಹಾಕಿ. ಆದರೆ ಆ ತೂತು ಯಾವ ಆಂಟೆನಾದ್ದು ಅಂತ ಮೊದಲು ತಿಳಿದುಕೊಳ್ಳಿ. ಯಾರೋ ತೂತು ಹಾಕಿದ್ದಾರೆ ಅಂದ ಮಾತ್ರಕ್ಕೆ ಜಾಗ ಸರಿ ಅಂತಲ್ಲ, ಮೇಲೆ ಹೇಳಿದ ಎರಡು ಸೀಟಿನ ವಿಮಾನದಲ್ಲಿ ನಡೆದದ್ದನ್ನು ನೆನಪಿಡಿ.

## ಕೂರಿಸುವಾಗ

“ಪೇಂಟ್ ಕೆರೆಯಲೇಬೇಕಾ? ಚೆನ್ನಾಗಿರೋ ಪೇಂಟ್ ಹಾಳು ಮಾಡೋಕೆ ಮನಸ್ಸು ಬರಲ್ಲ.”

ಕೆರೆಯಲೇಬೇಕು. ಪೇಂಟ್ ಉಳಿದರೆ ಆಂಟೆನಾ ಬುಡಕ್ಕೂ ತಗಡಿಗೂ ಸಂಪರ್ಕ ಇರುವುದಿಲ್ಲ. ಕೆರೆ ಇದೆ, ಪ್ರತಿಬಿಂಬ ಇಲ್ಲ ಅನ್ನುವ ಹಾಗಾಗುತ್ತದೆ.

ನಾನು ಮಾಡುವ ರೀತಿ ಹೀಗೆ. ಮೊದಲು ಆಂಟೆನಾ ಬುಡದ ಆಕಾರವನ್ನು ಕಾಗದದಲ್ಲಿ ಕತ್ತರಿಸಿ ಅಂಟಿಸುತ್ತೇನೆ. ಒಳಗಿನಿಂದ ಕೈ ಹಾಕಿ ಆ ಜಾಗದಲ್ಲಿ ಕಂಟ್ರೋಲ್ ಕೇಬಲ್, ಪೆಟ್ರೋಲ್ ಪೈಪು, ಪಕ್ಕೆಲುಬಿನ ಪಟ್ಟಿ ಏನಿದೆ ಅಂತ ಮುಟ್ಟಿ ನೋಡುತ್ತೇನೆ. ಕಣ್ಣಿಗಿಂತ ಬೆರಳು ಇಲ್ಲಿ ನಂಬಿಕಸ್ತ. ಆಮೇಲೆ ಸಣ್ಣ ತೂತು, ಆಮೇಲೆ ದೊಡ್ಡದು, ಅಂಚಿನ ಚೂಪು ತೆಗೆಯುವುದು. ಪೇಂಟ್ ತೆಗೆಯಲು ನಯವಾದ ಅಲ್ಯೂಮಿನಿಯಂ ಆಕ್ಸೈಡ್ ಉಜ್ಜು ಕಾಗದ. ತಗಡು ಬಿಳಿ ಬೆಳ್ಳಿಯ ಹಾಗೆ ಹೊಳೆಯಲು ಶುರುವಾದ ಕ್ಷಣ ನಿಲ್ಲಿಸಬೇಕು, ಅದರ ಕೆಳಗೆ ಹೋದರೆ ತಗಡೇ ಸವೆಯುತ್ತದೆ. ಹೊಳೆಯುವ ಅಲ್ಯೂಮಿನಿಯಂ ಹಾಗೇ ಬಿಟ್ಟರೆ ಬೂದು ಪೊರೆ ಕಟ್ಟುತ್ತದೆ. ಅದಕ್ಕೆ ಅಲೊಡೈನ್ ಅನ್ನುವ ರಾಸಾಯನಿಕ ಹಚ್ಚುತ್ತೇವೆ, ನೋಡನೋಡುತ್ತಲೇ ತೆಳು ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ಅದು ತುಕ್ಕು ತಡೆಯುತ್ತದೆ, ಕರೆಂಟನ್ನು ತಡೆಯುವುದಿಲ್ಲ. ಬೋಲ್ಟ್ ಬಿಗಿ ಮಾಡಿದ ಮೇಲೆ ಬುಡದಿಂದ ತಗಡಿಗೆ ಮಿಲಿಓಮ್ ಮೀಟರ್ ಇಟ್ಟು ಅಳೆಯಿರಿ, ಕೆಲವೇ ಮಿಲಿಓಮ್ ಬರಬೇಕು. ಕೊನೆಗೆ ಸುತ್ತ ಸೀಲಂಟ್ ಎಳೆದು ನೀರು ಇಳಿಯದ ಹಾಗೆ ಮಾಡಿ. ಆಂಟೆನಾಗೆ ಮಾತ್ರ ಚಂದಕ್ಕೆ ಅಂತ ಬಣ್ಣ ಬಳಿಯಬೇಡಿ. ಲೋಹದ ಪುಡಿ ಇರುವ ಬಣ್ಣವಂತೂ ಅದರ ಬಾಯಿ ಮುಚ್ಚಿದ ಹಾಗೇ.

“ಒಳಗಿಂದ ಇನ್ನೊಂದು ತಗಡು ಯಾಕೆ ಕೊಡ್ತಾರೆ?”

ಅದಕ್ಕೆ ಡಬ್ಲರ್ ಅಂತಾರೆ. ಮೈಯ ತಗಡು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ ಎಷ್ಟೋ ಕಡೆ. ಗಾಳಿ ಆಂಟೆನಾವನ್ನು ಹಿಂದಕ್ಕೆ ತಳ್ಳುತ್ತಾ, ನಡುಗಿಸುತ್ತಾ ಇರುತ್ತದೆ, ತೂತಿನ ಅಂಚಿನಿಂದ ಬಿರುಕು ಬಿಡುತ್ತದೆ. ಡಬ್ಲರ್ ಆ ಭಾರವನ್ನು ಸುತ್ತಲಿನ ತಗಡಿಗೆ ಹಂಚುತ್ತದೆ.

“ಯಾವ ಕೇಬಲ್, ಎಷ್ಟು ಉದ್ದ?”

ಆರ್‌ಜಿ-400 ಹಾಕಿ. ಹಳೇ ಆರ್‌ಜಿ-58 ಅಗ್ಗ, ಆದರೆ ಈ ಫ್ರೀಕ್ವೆನ್ಸಿಯಲ್ಲಿ ಅದು ಜಾಸ್ತಿ ತಿನ್ನುತ್ತದೆ, ಅದರ ಹೊದಿಕೆ ಬೆಂಕಿಗೂ ತಡೆಯುವುದಿಲ್ಲ. ಆರ್‌ಜಿ-400ರಲ್ಲಿ ಬೆಳ್ಳಿ ಲೇಪದ ಎರಡು ಪದರ ಹೆಣಿಗೆ, ಒಳಗೆ ಟೆಫ್ಲಾನ್.

ಜಾಗ ಆರಿಸುವಾಗ ಕೇಬಲ್ ನಷ್ಟವನ್ನೂ ಲೆಕ್ಕಕ್ಕೆ ತಗೊಳ್ಳಬೇಕು. 15,000 ಅಡಿಗಿಂತ ಮೇಲೆ ಹೋಗದ ವಿಮಾನಕ್ಕೂ ಆಂಟೆನಾ ತುದಿಯಲ್ಲಿ ಕನಿಷ್ಠ 70 ವ್ಯಾಟ್ ಸಿಗಬೇಕು ಅಂತ ಅಂತರರಾಷ್ಟ್ರೀಯ ಮಾನದಂಡ ಇದೆ. ನಿಮ್ಮ ಪೆಟ್ಟಿಗೆ 125 ವ್ಯಾಟ್ ಕೊಡುತ್ತದೆ ಅನ್ನಿ. ಕೇಬಲ್ ಮತ್ತು ಕನೆಕ್ಟರ್‌ಗಳಲ್ಲಿ 3 ಡೆಸಿಬೆಲ್ ಹೋದರೆ ಶಕ್ತಿ ಅರ್ಧಕ್ಕೆ ಇಳಿಯಿತು, ಉಳಿದದ್ದು 62 ಚಿಲ್ಲರೆ. ಅಲ್ಲಿಗೆ ಫೇಲ್. ಆರ್‌ಜಿ-400 ಒಂದು ಮೀಟರಿಗೆ ಹತ್ತಿರ ಹತ್ತಿರ ಅರ್ಧ ಡೆಸಿಬೆಲ್ ತಿನ್ನುತ್ತದೆ. ಹಾಗಂತ ಪೆಟ್ಟಿಗೆಗೆ ಅಂಟಿಕೊಂಡ ಹಾಗೆ ಆಂಟೆನಾ ಇಡಬೇಡಿ, 3 ಅಡಿಯಾದರೂ ದೂರ ಇರಲಿ. ಉಳಿದ ಕೇಬಲ್ಲನ್ನು ಸುರುಳಿ ಸುತ್ತಿ ಕಟ್ಟುವುದು ನಮ್ಮ ಕಡೆ ದೊಡ್ಡ ಚಾಳಿ. ಅಳೆದು ಕತ್ತರಿಸಿ.

“ನಾನೇ ಹಾಕಿಕೊಳ್ಳಬಹುದಾ? ಡ್ರಿಲ್ ಕೆಲಸ ಬರುತ್ತೆ.”

ಸರ್ಟಿಫಿಕೇಟ್ ಇರುವ ವಿಮಾನಕ್ಕೆ ಆಗುವುದಿಲ್ಲ. ಮೈಗೆ ತೂತು ಹಾಕುವುದು ಮಾರ್ಪಾಡು. ಅದಕ್ಕೆ ಒಪ್ಪಿಗೆ ಪಡೆದ ನಕ್ಷೆ ಬೇಕು, ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮದ ಪ್ರಕಾರ ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಬೇಕು. ರೇಡಿಯೋ, ವಿದ್ಯುತ್ ಕಡೆಯವರದ್ದು ಬಿ2 ಲೈಸೆನ್ಸ್. ಓದಿಕೊಳ್ಳುವುದಕ್ಕೆ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಹೊರಡಿಸಿರುವ ಎಸಿ 43.13-2ಬಿ ಕೈಪಿಡಿಯ ಮೂರನೇ ಅಧ್ಯಾಯ ಪೂರ್ತಿ ಆಂಟೆನಾ ಕೂರಿಸುವುದರ ಬಗ್ಗೆಯೇ ಇದೆ. ಎಎಂಇ ಹುಡುಗರು ಅದನ್ನು ಒಂದು ಸಲವಾದರೂ ಓದಿ.

## ಕೆಲಸ ಬಲ್ಲವರಿಗೆ

“ಮೀಟರ್‌ನಲ್ಲಿ ಎಸ್‌ಡಬ್ಲ್ಯೂಆರ್ 1.3 ಬಂತು. ಆದರೂ ರಾಡಾರ್‌ಗೆ ಸರಿಯಾಗಿ ಕಾಣ್ತಿಲ್ಲ. ಹೇಗೆ?”

ಈ ಪ್ರಶ್ನೆ ಕೇಳಿದವರು ಕೆಲಸ ಬಲ್ಲವರೇ, ಆದರೆ ಮೀಟರ್ ಏನು ಹೇಳುತ್ತಿದೆ ಅಂತ ಸ್ವಲ್ಪ ತಪ್ಪು ತಿಳಿದಿದ್ದಾರೆ. ಎಸ್‌ಡಬ್ಲ್ಯೂಆರ್ ಹೇಳುವುದು ಎಷ್ಟು ಶಕ್ತಿ ವಾಪಸ್ ಬಂತು ಅನ್ನುವುದನ್ನು ಮಾತ್ರ. ಹೋದ ಶಕ್ತಿ ಎಲ್ಲಿಗೆ ಹೋಯಿತು ಅಂತ ಅದಕ್ಕೆ ಗೊತ್ತಿಲ್ಲ. ಆಂಟೆನಾ ಬದಲು ಡಮ್ಮಿ ಲೋಡ್, ಅಂದರೆ ಶಕ್ತಿಯನ್ನೆಲ್ಲ ಬಿಸಿಯಾಗಿ ತಿಂದುಬಿಡುವ ರೆಸಿಸ್ಟರ್, ಹಾಕಿ ನೋಡಿ, 1.0 ಬರುತ್ತದೆ, ಹೊರಗೆ ಮಾತ್ರ ಏನೂ ಹೋಗುವುದಿಲ್ಲ. ಸೋರುವ ಉದ್ದ ಕೇಬಲ್ ಇದ್ದರೂ ಓದು ಚೆನ್ನಾಗೇ ಕಾಣುತ್ತದೆ, ವಾಪಸ್ ಬರುವುದನ್ನೂ ಕೇಬಲ್ಲೇ ತಿಂದುಬಿಡುತ್ತದಲ್ಲ. ಅದಕ್ಕೇ ಕೇಬಲ್ ನಷ್ಟವನ್ನು ಬೇರೆಯಾಗಿ ಅಳೆಯಿರಿ.

ಆಮೇಲೆ ಹಾರಾಟದಲ್ಲೇ ನೋಡಬೇಕು. ಕಂಟ್ರೋಲರ್‌ಗೆ ಮೊದಲೇ ಹೇಳಿ, ರಾಡಾರ್‌ನಿಂದ ಸಾಕಷ್ಟು ದೂರದಲ್ಲಿ ಒಂದು ಪೂರ್ತಿ ಸುತ್ತು ನಿಧಾನವಾಗಿ, ರೆಕ್ಕೆ ಜಾಸ್ತಿ ವಾಲಿಸದೆ ಹಾರಿ. ಯಾವ ದಿಕ್ಕಿಗೆ ಮೂತಿ ಇದ್ದಾಗ ಕಣ್ಮರೆಯಾಯಿತು ಅಂತ ಬರೆದುಕೊಂಡರೆ, ಕೆಳಗಿಳಿದ ಮೇಲೆ ಹೊಟ್ಟೆಯ ಯಾವ ವಸ್ತು ಅಡ್ಡ ಬರುತ್ತಿದೆ ಅಂತ ಬೆರಳಿಟ್ಟು ತೋರಿಸಬಹುದು.

“ನೆಲದ ಮೇಲೆ ಟೆಸ್ಟ್ ಮಾಡುವಾಗ ಏನಾದ್ರೂ ಅಪಾಯ ಇದೆಯಾ?”

ಇದೆ, ಇದನ್ನು ಬಹಳ ಜನ ಹಗುರವಾಗಿ ತಗೊಳ್ಳುತ್ತಾರೆ. ಎತ್ತರದ ಟೆಸ್ಟ್‌ಗೆ ಪಂಪ್ ಹಚ್ಚಿ ವಿಮಾನಕ್ಕೆ “ನೀನು 20,000 ಅಡಿಯಲ್ಲಿದ್ದೀಯ” ಅಂತ ನಂಬಿಸುತ್ತೇವೆ. ಟ್ರಾನ್ಸ್‌ಪಾಂಡರ್ ಅದನ್ನೇ ಊರಿಗೆಲ್ಲ ಸಾರುತ್ತದೆ. ಮೇಲೆ ನಿಜವಾಗಿ ಆ ಎತ್ತರದಲ್ಲಿ ಹೋಗುತ್ತಿರುವ ಪ್ರಯಾಣಿಕರ ವಿಮಾನದ ಟಿಕಾಸ್ ಇದನ್ನು ಎದುರಿನ ವಿಮಾನ ಅಂತ ತಿಳಿದು, ಏರು ಅಥವಾ ಇಳಿ ಅಂತ ಪೈಲಟ್‌ಗೆ ಆಜ್ಞೆ ಕೊಟ್ಟುಬಿಡಬಹುದು. ಅದಕ್ಕೆ ಆಂಟೆನಾ ಮೇಲೆ ಕಪ್ಲರ್ (ಸಿಗ್ನಲ್ಲನ್ನು ಹೊರಗೆ ಬಿಡದೆ ಟೆಸ್ಟ್ ಸೆಟ್‌ಗೆ ಒಯ್ಯುವ ಮುಚ್ಚಳ) ಮುಚ್ಚಿ, ಅಥವಾ ಕೇಬಲ್ ಬಿಚ್ಚಿ ನೇರ ಟೆಸ್ಟ್ ಸೆಟ್‌ಗೆ ಕೊಡಿ. ಸುಮ್ನೆ ಆನ್ ಮಾಡಿ ನೋಡೋಣ ಅನ್ನುವ ಮಾತು ಹ್ಯಾಂಗರ್‌ನಲ್ಲಿ ಬೇಡ.

“ದೊಡ್ಡ ವಿಮಾನಕ್ಕೆ ಮೇಲೊಂದು, ಕೆಳಗೊಂದು ಇರುತ್ತಲ್ಲ. ನಮಗೂ ಬೇಕಾ?”

ಅದಕ್ಕೆ ಡೈವರ್ಸಿಟಿ ಅಂತಾರೆ. ಮೇಲಿನ ಆಂಟೆನಾ ಮತ್ತು ಕೆಳಗಿನದು ಎರಡೂ ಕೇಳುತ್ತವೆ, ಯಾವುದಕ್ಕೆ ಚೆನ್ನಾಗಿ ಕೇಳಿತೋ ಅದರಿಂದ ಉತ್ತರ ಹೋಗುತ್ತದೆ. ಮೋಡ್ ಎಸ್ ಇರುವ, 5,700 ಕೆಜಿಗಿಂತ ಭಾರವಾದ ಅಥವಾ ಗಂಟೆಗೆ 463 ಕಿಲೋಮೀಟರ್‌ಗಿಂತ ವೇಗವಾಗಿ ಹಾರಬಲ್ಲ ವಿಮಾನಗಳಿಗೆ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇದು ಕಡ್ಡಾಯ. ಕಾರಣ ಸರಳ, ಡಿಕ್ಕಿ ತಪ್ಪಿಸುವ ಯಂತ್ರ ಇರುವ ವಿಮಾನ ನಿಮ್ಮ ಮೇಲೂ ಇರಬಹುದು. ಈಗ ಉಪಗ್ರಹಗಳೂ 1090 ಮೆಗಾಹರ್ಟ್ಸ್ ಕೇಳುತ್ತಿವೆ. ಕೆನಡಾ 2023ರಿಂದ ತನ್ನ ಎತ್ತರದ ವಾಯುಮಾರ್ಗಗಳಲ್ಲಿ ಇದನ್ನೇ ನೆಚ್ಚಿಕೊಂಡು, ಮೇಲ್ಮುಖವಾಗಿಯೂ ಸಿಗ್ನಲ್ ಹೋಗಬೇಕು ಅಂತ ಹೇಳಿದೆ. ನಾಲ್ಕು ಸೀಟಿನ ತರಬೇತಿ ವಿಮಾನಕ್ಕೆ ಸದ್ಯಕ್ಕೆ ಕೆಳಗಿನದೊಂದು ಸಾಕು. ಎರಡು ಹಾಕುವುದಾದರೆ ಒಂದರ ನೇರ ಕೆಳಗೆ ಇನ್ನೊಂದು ಬರುವ ಹಾಗೆ ನೋಡಿಕೊಳ್ಳಿ. ಎರಡರ ನಡುವೆ ಉದ್ದಕ್ಕೆ ತುಂಬಾ ಅಂತರ ಇರಬಾರದು.

“ಕಾಲೇಜಿನಲ್ಲಿ ಮಾಡ್ತಿರೋ ಮಾದರಿ ವಿಮಾನಕ್ಕೂ ಟ್ರಾನ್ಸ್‌ಪಾಂಡರ್ ಹಾಕೋಣ ಅಂತಿದೀವಿ ಅಂಕಲ್, ಎಲ್ಲಿ ಇಡೋದು?”

ಹಾಕಬೇಡಿ ಮಕ್ಕಳೇ. ಅನುಮತಿ ಇಲ್ಲದೆ 1090ರಲ್ಲಿ ಏನನ್ನೂ ಕಳಿಸುವ ಹಾಗಿಲ್ಲ. ನಿಜವಾದ ವಿಮಾನಗಳು ಅದನ್ನು ನಂಬಿ ಹಾರುತ್ತವೆ. ಆದರೆ ನಿಮ್ಮ ರಿಮೋಟ್‌ನ 2.4 ಗಿಗಾಹರ್ಟ್ಸ್ ಆಂಟೆನಾಗೆ ಇಲ್ಲಿ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ. ಅಲ್ಲಿ ಅಲೆಯ ಉದ್ದ 12.5 ಸೆಂಟಿಮೀಟರ್, ಕಾಲು ಭಾಗ 3 ಸೆಂಟಿಮೀಟರ್ ಚಿಲ್ಲರೆ. ಬ್ಯಾಟರಿ, ಮೋಟಾರ್, ಕಾರ್ಬನ್ ಕೊಳವೆ ಇವುಗಳಿಂದ ದೂರ, ನೆಲ ಕಾಣುವ ಕಡೆ, ಲಂಬವಾಗಿ. ಮೈದಾನದಲ್ಲಿ ಹಾರಿಸುವ ಮೊದಲು ಒಬ್ಬರು ವಿಮಾನ ಹಿಡಿದುಕೊಂಡು ದೂರ ನಿಂತು ಒಂದು ಸುತ್ತು ತಿರುಗಲಿ, ಇನ್ನೊಬ್ಬರು ರಿಮೋಟ್‌ನಲ್ಲಿ ಸಿಗ್ನಲ್ ಯಾವ ದಿಕ್ಕಿನಲ್ಲಿ ಬೀಳುತ್ತದೆ ಅಂತ ಬರೆದುಕೊಳ್ಳಲಿ.